ತೊಂಬತ್ತರಲ್ಲಿ ಕಳೆಯಿರಿ

ನಾನು ಒಂದು ತೂಕದ ಗುಂಡು. ಗೋಡೆ ಕಟ್ಟುವ ಗೌಂಡಿ ದಾರದ ತುದಿಗೆ ಕಟ್ಟಿ ಇಳಿಬಿಡುತ್ತಾನಲ್ಲ, ಆ ಹಿತ್ತಾಳೆಯ ಗುಂಡು. ನನಗೆ ಬರುವುದು ಒಂದೇ ವಿದ್ಯೆ, ನೆಟ್ಟಗೆ ನಿಲ್ಲುವುದು. ಬೇರೇನನ್ನೂ ನಾನು ಕಲಿತಿಲ್ಲ, ಕಲಿಯುವ ಆಸೆಯೂ ಇಲ್ಲ. ಎಪ್ಪತ್ತು ಮನೆ, ಎರಡು ಶಾಲೆ, ಒಂದು ದವಾಖಾನೆಯ ಗೋಡೆಗಳು ನನ್ನ ಮಾತು ಕೇಳಿಯೇ ಎದ್ದು ನಿಂತಿವೆ. ಹೀಗಿರುವ ನನ್ನ ಮಾತನ್ನು ಓದಿದ ಮನುಷ್ಯನೊಬ್ಬ ತಲೆಕೆಳಗು ಮಾಡಿ ಬರೆದುಕೊಂಡ. ಅದಕ್ಕೆ ದಂಡ ತೆತ್ತವಳು ಒಬ್ಬ ಹುಡುಗಿ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಎರಕದ ಅಂಗಡಿಯಲ್ಲಿ. ಒಡೆದ ನಲ್ಲಿ, ತೂತು ಬಿದ್ದ ತಂಬಿಗೆ, ಯಾವುದೋ ಬಾಗಿಲಿನ ಚಿಲಕ, ಎಲ್ಲ ಒಂದೇ ಮೂಸೆಯಲ್ಲಿ ಕರಗಿ ನಾನಾದವು. ಲೇತಿಗೆ ಕೊಟ್ಟು ಮೈ ಹೆರೆದರು, ನೆತ್ತಿಗೆ ತೂತು ಕೊರೆದು ದಾರ ಪೋಣಿಸಿದರು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ವರ್ಷ ಸುಮ್ಮನೆ ಬಿದ್ದಿದ್ದೆ. ಕೊನೆಗೆ ಕುಷ್ಟಗಿ ಕಡೆಯಿಂದ ಬಂದ ಯಮನೂರಪ್ಪ ಎಂಬ ಹರೆಯದ ಗೌಂಡಿ ನನ್ನನ್ನು ಎತ್ತಿ, ಕಣ್ಣೆದುರು ತೂಗಿ, ನಾನು ಅಲ್ಲಾಡುವುದನ್ನು ನಿಲ್ಲಿಸುವ ತನಕ ಉಸಿರು ಬಿಗಿಹಿಡಿದು ನೋಡಿದ. ಅಂಗಡಿಯವನು ಬೇರೆ ಗುಂಡುಗಳನ್ನು ತೋರಿಸಿದರೂ ಅವನು ನನ್ನನ್ನು ಕೈಬಿಡಲಿಲ್ಲ. ಅವತ್ತೇ ನಾನು ಅವನವನಾದೆ.

ನಾನು ಜನರನ್ನು ನೋಡುವುದು ಕೆಳಗಿನಿಂದ. ಗದ್ದ, ಮೂಗಿನ ಹೊಳ್ಳೆ, ಕಿರಿದಾಗಿಸಿದ ಒಂದು ಕಣ್ಣು, ಇಷ್ಟೇ ನನಗೆ ಕಾಣುವುದು. ಸುಳ್ಳು ಹೇಳುವ ಮನುಷ್ಯನ ಗದ್ದ ಹೇಗಿರುತ್ತದೆಂದು ನನಗೆ ಗೊತ್ತು. ಯಮನೂರಪ್ಪನ ಗದ್ದ ಅಂಥದ್ದಲ್ಲ. ಗೋಡೆ ಬೆರಳಗಲ ವಾಲಿದೆ ಎಂದು ನಾನು ಹೇಳಿದರೆ, ಮನೆ ಮಾಲೀಕ ಪಕ್ಕದಲ್ಲೇ ನಿಂತಿದ್ದರೂ ನಾಲ್ಕು ವರಸೆ ಇಟ್ಟಿಗೆ ಕಿತ್ತು ಮತ್ತೆ ಕಟ್ಟುತ್ತಿದ್ದ. ಮಾಲೀಕರು ಬೈದರೆ, 'ಗುಂಡು ಹೇಳೇತ್ರಿ, ನಾ ಅಲ್ಲ' ಎನ್ನುತ್ತಿದ್ದ. ಹಾಗೆ ನಲವತ್ತು ವರ್ಷ ನಡೆಯಿತು. ಅವನ ಮೀಸೆ ಬೆಳ್ಳಗಾಯಿತು, ನನ್ನ ಮೈ ಸವೆದು ಹೊಳಪು ಬಂತು.

ಹುಲಿಗೆಮ್ಮ ಅವನ ಮಗಳ ಮಗಳು. ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಊರಿನ ಸರಕಾರಿ ಶಾಲೆಗೆ ಒಂದು ಸುತ್ತೋಲೆ ಬಂತು. 'ಗಗನಮುಖಿ' ಎಂಬ ಸಂಸ್ಥೆಯ ಬಸ್ಸು ತಾಲ್ಲೂಕಿಗೆ ಬರುತ್ತದೆ, ಮಕ್ಕಳಲ್ಲಿ ಬಾಹ್ಯಾಕಾಶದ ಆಸಕ್ತಿ ಬೆಳೆಸುತ್ತದೆ, ನೀರಿನ ರಾಕೆಟ್ ಸ್ಪರ್ಧೆ ನಡೆಸುತ್ತದೆ. ಸೋಡಾ ಬಾಟಲಿಗೆ ಒಂದಿಷ್ಟು ನೀರು ಹಾಕಿ, ಬಾಯಿಗೆ ಬಿರಡೆ ಜಡಿದು, ಸೈಕಲ್ ಪಂಪಿನಿಂದ ಗಾಳಿ ತುಂಬಿದರೆ ಅದು ನೀರು ಉಗುಳುತ್ತ ಮೇಲಕ್ಕೆ ಹಾರುತ್ತದೆ. ಎಲ್ಲರಿಗಿಂತ ಎತ್ತರ ಹಾರಿಸಿದ ಒಬ್ಬರಿಗೆ ನಾಲ್ಕು ದಿನದ ಶಿಬಿರ, ಜೊತೆಗೆ ನಿಜವಾದ ರಾಕೆಟ್ ಹಾರುವುದನ್ನು ಕಣ್ಣಾರೆ ನೋಡುವ ಅವಕಾಶ. ಎಂಟರಿಂದ ಹತ್ತನೆಯ ತರಗತಿಯವರಿಗೆ ಮಾತ್ರ. ಆ ಕಾಗದ ಓದಿದ ಮೇಲೆ ಹುಲಿಗೆಮ್ಮನಿಗೆ ಬೇರೆ ಏನೂ ರುಚಿಸಲಿಲ್ಲ.

ಬೇರೆ ಮಕ್ಕಳು ಬಾಟಲಿಗೆ ಬಣ್ಣ ಹಚ್ಚುತ್ತ ಕೂತರು. ಇವಳಿಗೆ ಬೇರೆಯೇ ಚಿಂತೆ. ಎಷ್ಟು ನೀರು ಹಾಕಿದರೆ ಹೆಚ್ಚು ಎತ್ತರ? ಅಳೆಯದೆ ಹೇಗೆ ತಿಳಿಯಬೇಕು? ಶಾಲೆಯ ಉಗ್ರಾಣದಲ್ಲಿ ಬಿದ್ದಿದ್ದ, ಕರಿಹಲಗೆಗೆ ಬಳಸುವ ಮರದ ದೊಡ್ಡ ಕೋನಮಾಪಕವನ್ನು ಕೇಳಿ ತಂದಳು. ಅದರ ನೇರ ಅಂಚಿಗೆ ವಯರಿಂಗಿನ ಪೈಪಿನ ತುಂಡೊಂದನ್ನು ಕಟ್ಟಿ, ನಡುವಿನಿಂದ ದಾರ ಇಳಿಬಿಟ್ಟು, ತುದಿಗೆ ಒಂದು ನಟ್ಟು ಸಿಕ್ಕಿಸಿದಳು. ಪೈಪಿನಲ್ಲಿ ಕಣ್ಣಿಟ್ಟು ರಾಕೆಟ್ ನೋಡಿದರೆ ದಾರ ಯಾವ ಅಂಕಿಯ ಮೇಲೆ ನಿಲ್ಲುತ್ತದೋ ಅದರಿಂದ ಕೋನ, ಕೋನದಿಂದ ಎತ್ತರ. ಆದರೆ ನಮ್ಮ ಕಡೆಯ ಗಾಳಿಗೆ ಆ ನಟ್ಟು ನಿಂತಲ್ಲಿ ನಿಲ್ಲದು. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ ಅಜ್ಜ ಅರ್ಧ ತಾಸು ನೋಡಿದ.

"ಗಾಳಿಗೆ ಅಳ್ಳಾಡೋದು ಖರೇ ಹೇಳಂಗಿಲ್ಲ ತಂಗಿ," ಎಂದು ಚೀಲದಿಂದ ನನ್ನನ್ನು ತೆಗೆದು ಕೊಟ್ಟ. "ಇದನ್ನ ಕಟ್ಟು. ಕೆಲಸ ಇದ್ದಾಗ ನಂಗ, ಇಲ್ಲದಾಗ ನಿಂಗ."

ಇಲ್ಲಿ ಓದುಗರು ಸ್ವಲ್ಪ ಗಮನ ಕೊಡಬೇಕು, ಏಕೆಂದರೆ ಮುಂದಿನ ಅನ್ಯಾಯವೆಲ್ಲ ಇದರಲ್ಲೇ ಇದೆ. ಎದುರಿನ ಗೋಡೆಯನ್ನು ನೇರವಾಗಿ ನೋಡಿದರೆ ದಾರ ತೊಂಬತ್ತರ ಮೇಲೆ ನಿಲ್ಲುತ್ತದೆ. ನೆತ್ತಿಯ ಮೇಲಿನ ಆಕಾಶ ನೋಡಿದರೆ ಸೊನ್ನೆಯ ಮೇಲೆ. ಎಂದರೆ ರಾಕೆಟ್ ಮೇಲೆ ಹೋದಷ್ಟೂ ಅಂಕಿ ಕೆಳಗೆ ಬರುತ್ತದೆ. ಆ ಅಂಕಿಯನ್ನು ತೊಂಬತ್ತರಲ್ಲಿ ಕಳೆದರೆ ಸರಿಯಾದ ಕೋನ. ಇಷ್ಟೇ. ಹುಲಿಗೆಮ್ಮ ಇದನ್ನು ಯಾರಿಂದಲೂ ಕಲಿಯಲಿಲ್ಲ, ಊರಿನ ನೀರಿನ ಟಾಕಿಯಿಂದ ಕಲಿತಳು. ಮೂವತ್ತು ಮೀಟರ್ ದೂರ ನಿಂತು ಟಾಕಿಯ ಕಟಕಟೆ ನೋಡಿದಾಗ ದಾರ ಅರವತ್ತರಲ್ಲಿ ನಿಂತಿತು. ಕಳೆದಳು, ಮೂವತ್ತು ಬಂತು. ಲೆಕ್ಕ ಹಾಕಿ ತನ್ನ ಕಣ್ಣಿನ ಎತ್ತರ ಸೇರಿಸಿದಳು, ಅರವತ್ತು ಅಡಿಯ ಮೇಲೆ ಚೂರು. ಅಜ್ಜ ಟಾಕಿ ಹತ್ತಿ ನನ್ನನ್ನೇ ದಾರದಲ್ಲಿ ನೆಲಕ್ಕೆ ಇಳಿಬಿಟ್ಟು ಟೇಪಿನಿಂದ ಅಳೆದ. ಅರವತ್ತೊಂದು ಅಡಿ. ಅಜ್ಜ ಮೊಮ್ಮಗಳ ಮುಖ ನೋಡಿದ. ಅಷ್ಟು ಹೆಮ್ಮೆಯಿಂದ ಅವನು ತಾನು ಕಟ್ಟಿದ ಗೋಡೆಯನ್ನೂ ನೋಡಿದ್ದಿಲ್ಲ.

ಆಮೇಲೆ ಇಪ್ಪತ್ತೆಂಟು ಸಲ ಹಾರಿಸಿದಳು, ಇಪ್ಪತ್ತೆಂಟು ಸಲ ಬರೆದುಕೊಂಡಳು. ಬಾಟಲಿಯ ಮೂರರಲ್ಲಿ ಒಂದು ಪಾಲು ನೀರು ಸರಿ ಎಂದು ಗೊತ್ತಾಯಿತು. ರಾಕೆಟ್ ಮಾಡಿದವರು ಬಹಳ ಮಂದಿ ಇದ್ದರು. ತಾನು ಮಾಡಿದ್ದು ಎಷ್ಟು ಎತ್ತರ ಹೋಗುತ್ತದೆಂದು ತಿಳಿದಿದ್ದವಳು ಇಡೀ ತಾಲ್ಲೂಕಿಗೆ ಇವಳೊಬ್ಬಳೇ.

ಸ್ಪರ್ಧೆಯ ದಿನ ತಾಲ್ಲೂಕಿನ ಮೈದಾನಕ್ಕೆ ಬಸ್ಸು ಬಂತು. ಮೈತುಂಬ ನಕ್ಷತ್ರ, ಬಾಗಿಲ ಮೇಲೆ ಗಗನಯಾತ್ರಿಯ ಚಿತ್ರ. ಆಕಾಶದ ಬಗ್ಗೆ ತಿಳಿಸಲು ಏಳು ಶಾಲೆಯ ಮಕ್ಕಳನ್ನು ಶಾಮಿಯಾನದ ಕೆಳಗೆ ಒತ್ತೊತ್ತಾಗಿ ಕೂರಿಸಿದರು, ಆಕಾಶ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತಿತ್ತು. ಮುಖ್ಯ ಅತಿಥಿಗಳು ಎರಡು ತಾಸು ತಡವಾಗಿ ಬಂದು, ಬಣ್ಣದ ಬಲೂನು ಬಿಟ್ಟು, ಮಕ್ಕಳು ಶಿಸ್ತು ಕಲಿಯಬೇಕೆಂದು ಹೇಳಿ ಹೋದರು. ಸಂಸ್ಥೆಯ ಸುಧೀಂದ್ರ ಎಂಬುವರು ಬೆಂಗಳೂರಿನವರು, ತಲೆಗೆ ನೀಲಿ ಟೋಪಿ, ಮಾತು ಸೊಗಸು. ಮಕ್ಕಳ ಮೇಲೆ ಅವರಿಗೆ ಪ್ರೀತಿಯಿರಲಿಲ್ಲ ಎನ್ನಲಾರೆ. ಆದರೆ ಎತ್ತರದ ಸ್ಪರ್ಧೆ ನಡೆಸಲು ಬಂದವರು ಎತ್ತರ ಅಳೆಯುವ ಸಾಧನವನ್ನು ಹಿಂದಿನ ಊರಿನಲ್ಲಿ ಮರೆತು ಬಂದಿದ್ದರು. ಮದುವೆಗೆ ಹೊರಟವರು ಮದುಮಗನನ್ನೇ ಬಿಟ್ಟು ಬಂದ ಹಾಗೆ.

ಅಷ್ಟರಲ್ಲಿ ಹುಲಿಗೆಮ್ಮನ ಕೈಯಲ್ಲಿದ್ದ ನಾನು ಅವರ ಕಣ್ಣಿಗೆ ಬಿದ್ದೆ.

"ಅರೆ, ಚೆನ್ನಾಗಿದೆಯಲ್ಲ ಪುಟ್ಟಾ. ಕೊಡು, ಇವತ್ತು ಇದರಲ್ಲೇ ಅಳೆಯೋಣ."

"ಸರ, ಅದರಾಗ ತೊಂಬತ್ತರಾಗ..."

"ಗೊತ್ತಮ್ಮ, ಗೊತ್ತು. ನಾವು ಇದೇ ಕೆಲಸದಲ್ಲಿರೋದು. ನೀನು ಆ ಕಡೆ ಹೋಗು, ಸ್ಪರ್ಧಿಗಳು ಅಳತೆ ಹತ್ತಿರ ಇರೋ ಹಾಗಿಲ್ಲ."

ಹಾರಿದ ರಾಕೆಟ್ಟುಗಳು ಹದಿನಾಲ್ಕು. ಒಂದೊಂದು ಸಲವೂ ನಾನು ನೆಟ್ಟಗೆ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೇರೆ ಶಾಲೆಯ ವಿನಾಯಕ ಎಂಬ ಹುಡುಗನದು ಬೇವಿನ ಮರದಷ್ಟು ಎತ್ತರ ಏರಿ ಸುಸ್ತಾಗಿ ಇಳಿಯಿತು. ನಾನು ಐವತ್ತೈದು ಎಂದೆ. ಹುಲಿಗೆಮ್ಮನದು ಎದ್ದಾಗ ಮೈದಾನವೇ ಬಾಯಿ ತೆರೆದು ನೋಡಿತು. ನಾನು ಮೂವತ್ತಮೂರು ಎಂದೆ. ಸುಧೀಂದ್ರ ಅವರು ಯಾವುದನ್ನೂ ಯಾವುದರಲ್ಲೂ ಕಳೆಯಲಿಲ್ಲ. ಐವತ್ತೈದನ್ನು ಐವತ್ತೈದೆಂದೂ, ಮೂವತ್ತಮೂರನ್ನು ಮೂವತ್ತಮೂರೆಂದೂ ಬರೆದು ಎತ್ತರ ಲೆಕ್ಕ ಹಾಕಿದರು. ವಿನಾಯಕನಿಗೆ ನಲವತ್ತಮೂರು ಮೀಟರ್, ಪ್ರಥಮ ಸ್ಥಾನ. ಹುಲಿಗೆಮ್ಮನಿಗೆ ಹತ್ತೊಂಬತ್ತೂವರೆ ಮೀಟರ್, ಹದಿನಾಲ್ಕನೆಯ ಸ್ಥಾನ. ಹೆಸರು ಕರೆದಾಗ ಆ ವಿನಾಯಕನೇ 'ನಂದಾ?' ಎಂದು ಪಕ್ಕದವನ ಮುಖ ನೋಡಿದ.

ನನ್ನ ಸಿಟ್ಟು ಸುಧೀಂದ್ರರೊಬ್ಬರ ಮೇಲಲ್ಲ. ಅಲ್ಲಿ ಐದುನೂರು ಜನ ಇದ್ದರು. ಐದುನೂರು ಜನರಿಗೆ ಒಂದು ಸಾವಿರ ಕಣ್ಣು. ಭಜಿ ಮಾರುವವನೊಬ್ಬ ಮಾತ್ರ, "ಆ ಹುಡುಗೀದು ಮುಗಿಲಿಗೆ ಹೋತಲ್ಲೋ," ಎಂದ. ಸುಧೀಂದ್ರರು ಮೈಕಿನಲ್ಲಿ ನಕ್ಕರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಕಣ್ಣು ಮೋಸ ಮಾಡುತ್ತೆ, ಅಳತೆ ಮೋಸ ಮಾಡಲ್ಲ. ಮಕ್ಕಳೇ, ಇದೇ ವಿಜ್ಞಾನ." ಚಪ್ಪಾಳೆ ಬಿತ್ತು. ಕಾಗದದ ಮೇಲೆ ಬರೆದದ್ದನ್ನು ಕಂಡರೆ ಈ ಜನಕ್ಕೆ ಎಷ್ಟು ಭಯವೋ ನನಗೆ ತಿಳಿಯದು. ಕಣ್ಣೆದುರು ನಡೆದದ್ದನ್ನು ನುಂಗಿಕೊಂಡು ಕೈ ತಟ್ಟುತ್ತಾರೆ.

ಹುಲಿಗೆಮ್ಮ ಅಳಲಿಲ್ಲ. ನೆಟ್ಟಗೆ ಮೇಜಿನ ಹತ್ತಿರ ಬಂದು, ಅದರ ಮೇಲಿದ್ದ ಕೋನಮಾಪಕವನ್ನು ಎತ್ತಿ ಸುಧೀಂದ್ರರ ಕೈಗೆ ಕೊಟ್ಟಳು.

"ಸರ, ಆ ಕಂಪೌಂಡ್ ಮ್ಯಾಲ ಕೋಳಿ ಕುಂತೈತಲ್ಲರಿ, ಅದನ್ನ ನೋಡ್ರಿ ಇದರಾಗ. ಎಷ್ಟು ಬಂತ್ರಿ?"

ಅವರು ನೋಡಿದರು. "ತೊಂಬತ್ತು."

"ನಿಮ್ಮ ಲೆಕ್ಕದಾಗ ತೊಂಬತ್ತು ಅಂದ್ರ ನಡು ನೆತ್ತಿ. ಆ ಕೋಳಿ ನಮ್ಮ ನೆತ್ತಿ ಮ್ಯಾಲ ಐತೇನ್ರಿ ಸರ?"

ನಾನು ಕೆಳಗಿನಿಂದ ಅವರ ಗದ್ದ ನೋಡುತ್ತಿದ್ದೆ. ಅದು ಒಮ್ಮೆ ಅದುರಿತು. ಅವರಿಗೆ ತಿಳಿಯಿತು, ಆ ಕ್ಷಣದಲ್ಲೇ ತಿಳಿಯಿತು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡು ದನಿ ತಗ್ಗಿಸಿದರು. "ನೋಡು ಪುಟ್ಟಾ, ಫಲಿತಾಂಶ ಅನೌನ್ಸ್ ಆಗೋಯ್ತು. ಹೆಸರೂ ಕಳಿಸಾಗಿದೆ. ಮುಂದಿನ ವರ್ಷ ನೋಡೋಣ."

ಇವಳ ಶಾಲೆಯ ಹೆಡ್‌ಮಾಸ್ತರು ವೀರಭದ್ರಗೌಡರು ಅಲ್ಲೇ ಇದ್ದರು. ತಮ್ಮ ಶಾಲೆಯ ಹುಡುಗಿಯ ಪರವಾಗಿ ಒಂದು ಮಾತಾಡುತ್ತಾರೆಂದು ನಾನು ಕಾದೆ. ಮಾತಾಡಿದರು. "ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ. ದೊಡ್ಡೋರಿಗೆ ಎದುರಾಡಬ್ಯಾಡ, ನಡಿ ಅತ್ಲಾಗ." ಡೊಂಕಿನ ಸುದ್ದಿಯನ್ನು ನನ್ನೆದುರಿಗೇ ಎತ್ತಿದ ಆ ಧೈರ್ಯಕ್ಕೆ ನಾನು ಬೆರಗಾದೆ. ಅಷ್ಟಕ್ಕೇ ಬಿಡಲಿಲ್ಲ. ವೇದಿಕೆ ಹತ್ತಿ, ಶಾಲೆಯ ವತಿಯಿಂದ ಸಂಸ್ಥೆಗೆ ಕಿರುಕಾಣಿಕೆ ಎಂದು ಹೇಳಿ ಕೋನಮಾಪಕವನ್ನೂ ನನ್ನನ್ನೂ ಸುಧೀಂದ್ರರಿಗೆ ಕೊಟ್ಟು ಶಾಲು ಹೊದಿಸಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಯಮನೂರಪ್ಪನನ್ನು ಒಂದು ಮಾತು ಕೇಳಿದವರಿಲ್ಲ. ಅವನು ಮರುದಿನ ಶಾಲೆಗೆ ಬಂದು, ಗೇಟಿನಲ್ಲೇ ಸಂಗತಿ ಕೇಳಿ, ಸುಮ್ಮನೆ ತಿರುಗಿ ಹೋಗಿ ಕಬ್ಬಿಣದ ಗುಂಡೊಂದನ್ನು ಹೊಂದಿಸಿಕೊಂಡನಂತೆ. ಇದು ನನಗೆ ಆಮೇಲೆ ತಿಳಿದದ್ದು.

ಬಸ್ಸಿನಲ್ಲಿ ನನಗೆ ಗಾಜಿನ ಪೆಟ್ಟಿಗೆ ಸಿಕ್ಕಿತು. ಹಳ್ಳಿ ರಸ್ತೆಯಲ್ಲಿ ನಾನು ತೂಗಾಡಿ ಗಾಜಿಗೆ ಬಡಿಯುತ್ತೇನೆಂದು ಅವರು ಏನು ಮಾಡಿದರು ಗೊತ್ತೇ? ದಾರವನ್ನು ನಲವತ್ತೈದರ ಗೆರೆಗೆ ಎಳೆದು, ದಾರವನ್ನೂ ನನ್ನನ್ನೂ ಅಂಟು ಹಾಕಿ ಹಲಗೆಗೆ ಅಂಟಿಸಿದರು. ಅಲ್ಲಿ ಚೆಂದ ಕಾಣುತ್ತದಂತೆ. ನಲವತ್ತು ವರ್ಷ ನೆಟ್ಟಗೆ ನಿಂತವನು ಒಂದು ವರ್ಷ ಓರೆಯಾಗಿ ನಿಂತೆ. ಕೆಳಗೊಂದು ಚೀಟಿ: 'ಸರಳ ಎತ್ತರಮಾಪಕ. ದಾರ ತೋರಿಸುವ ಅಂಕಿಯೇ ಕೋನ.' ಯಾರು ಮಾಡಿದ್ದೆಂದು ಹೆಸರಿಲ್ಲ. ಅದೇ ತಪ್ಪನ್ನು ನನ್ನ ಚಿತ್ರದ ಸಮೇತ ಕೈಪಿಡಿಯಲ್ಲಿ ಅಚ್ಚು ಹಾಕಿಸಿ ಊರೂರಿಗೆ ಹಂಚಿದರು. ಸುಧೀಂದ್ರರಿಗೆ ತಪ್ಪೆಂದು ಗೊತ್ತಿತ್ತು. ಆದರೆ ತಿದ್ದಿದರೆ ಆ ದಿನದ ಫಲಿತಾಂಶವನ್ನೂ ತಿದ್ದಬೇಕಾಗುತ್ತಿತ್ತು.

ಮುದ್ದೇಬಿಹಾಳದ ಕಡೆ ಒಂದೂರಲ್ಲಿ ಒಬ್ಬ ಮುದುಕ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತ. ಕೈ ನೋಡಿದರೆ ಅವನೂ ಗೌಂಡಿಯೇ. "ಗುಂಡು ವಾರಿ ಐತಲ್ಲ, ಗಾಡಿ ವಾಲೇತೇನು?" ಎಂದು ಕೆಳಗಿಳಿದು ಬಸ್ಸಿನ ಗಾಲಿಗಳನ್ನು ಬಗ್ಗಿ ನೋಡಿದ. ಟೋಪಿ ಹಾಕಿದ ಹುಡುಗರು ನಕ್ಕರು. ಆ ವರ್ಷ ಬಸ್ಸು ಹತ್ತಿದ ಸಾವಿರಾರು ಜನರಲ್ಲಿ ವಿಜ್ಞಾನಿ ಎಂದು ನಾನು ಒಪ್ಪುವುದು ಆ ಒಬ್ಬನನ್ನು.

ಮರುವರ್ಷ ಬಸ್ಸು ಮತ್ತೆ ಅದೇ ಮೈದಾನಕ್ಕೆ ಬಂತು. ಹುಲಿಗೆಮ್ಮ ಈಗ ಹತ್ತನೆಯ ತರಗತಿ, ಅವಳಿಗೆ ಇದೇ ಕೊನೆಯ ಅವಕಾಶ. ಕಂಕುಳಲ್ಲಿ ಹೊಸ ರಾಕೆಟ್ ಇಟ್ಟುಕೊಂಡು ಸಾಲಿನಲ್ಲಿ ಬಂದು ನನ್ನ ಪೆಟ್ಟಿಗೆಯ ಮುಂದೆ ನಿಂತಳು. ಹಿಂದೆ ವೀರಭದ್ರಗೌಡರು. ಅವರು ಸುತ್ತ ನೋಡಿ ಅವಳ ಕಿವಿಯ ಹತ್ತಿರ ಬಗ್ಗಿದರು.

"ತಂಗಿ, ಈ ಸಲಾನೂ ಅವರು ಹಂಗೇ ಅಳೀತಾರ. ಕೈಪಿಡಿಯಾಗ ಅಚ್ಚಾಗೇತಿ. ನೀ ಒಂದು ಕೆಲಸ ಮಾಡು, ಗಾಳಿ ಕಡಿಮಿ ಹೊಡಿ. ಬೇವಿನ ಗಿಡದ ಮಟ ಹೋದ್ರ ಸಾಕು, ನೀನಾ ಫಸ್ಟು. ಶಾಲಿಗೂ ಹೆಸರು ಬರತೈತಿ."

ಎಂದರೆ ಈ ಮನುಷ್ಯನಿಗೆ ಹೋದ ವರ್ಷವೇ ಎಲ್ಲ ಅರ್ಥವಾಗಿತ್ತು! ನಾನು ಅಂಟಿನಲ್ಲಿ ಹೂತಿರದಿದ್ದರೆ ಅವರ ಕಾಲ್ಬೆರಳ ಮೇಲೆ ಬೀಳುತ್ತಿದ್ದೆ. ಹುಲಿಗೆಮ್ಮ ಯೋಚಿಸುತ್ತಿದ್ದಳು, ನಾನು ಮುಚ್ಚಿಡುವುದಿಲ್ಲ, ನಿಜವಾಗಿಯೂ ಯೋಚಿಸುತ್ತಿದ್ದಳು. ನಾಲ್ಕು ಸಲ ಕಡಿಮೆ ಪಂಪು ಹೊಡೆದರೆ ಸಾಕಿತ್ತು. ನಿಜವಾದ ರಾಕೆಟ್ಟು ಬೆಂಕಿ ಕಾರುತ್ತ ಮೇಲೇಳುವುದನ್ನು ಅವಳು ಕಣ್ಣಾರೆ ನೋಡಬಹುದಿತ್ತು. ಅವಳಿಗೆ ಮೋಸ ಮಾಡಿದ ತಪ್ಪೇ ಅವಳಿಗೆ ಬಾಗಿಲು ತೆರೆದು ನಿಂತಿತ್ತು.

ಅವಳು ಪೆಟ್ಟಿಗೆಯ ಗಾಜು ಸರಿಸಿ, ಕೈ ಹಾಕಿ ನನ್ನನ್ನು ಹಿಡಿದು ಎಳೆದಳು. ಅಂಟು ಹಲಗೆಯ ಬಣ್ಣವನ್ನೂ ಕಿತ್ತುಕೊಂಡು ಬಂತು.

"ಮುಟ್ಟಬಾರದಮ್ಮ ಅದನ್ನ," ಎಂದು ಸುಧೀಂದ್ರರು ಓಡಿ ಬಂದರು.

"ಇದು ನಮ್ಮಜ್ಜಂದು. ಯಾರ್ನ ಕೇಳಿ ಒಯ್ದಿದ್ರಿ?"

ಅವರು ಅವಳನ್ನು ಗುರುತು ಹಿಡಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಸರಿ. ನೀನೇ ಅಳಿ. ನೀನು ಬರೆದದ್ದಕ್ಕೆ ನಾನು ಏನೂ ಅನ್ನಲ್ಲ. ಆದ್ರೆ ಅಳೆಯೋರು ಸ್ಪರ್ಧೇಲಿ ಇರೋ ಹಾಗಿಲ್ಲ, ನಿನಗೆ ಗೊತ್ತಲ್ಲ."

"ನೀವಾ ಕಳದು ಬರೀರಲ್ಲ ಸರ. ನಾ ಹಾರಸ್ತೀನಿ."

"ಕೈಪಿಡಿ ನಂದೇ ಅಮ್ಮ. ನಾನೇ ಬೇರೆ ಥರ ಬರೆದ್ರೆ..."

ನೋಡಿ ಹೇಗಿದೆ. ದೊಡ್ಡವರೊಬ್ಬರು 'ತಪ್ಪಾಯಿತು' ಎನ್ನಲು ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ಉಳಿಸಿಕೊಳ್ಳಲು ಹದಿನೈದರ ಹುಡುಗಿ ತನ್ನ ಕೊನೆಯ ಅವಕಾಶವನ್ನು ಕೊಡಬೇಕು. ಹುಲಿಗೆಮ್ಮ ಮೈದಾನದ ಕಡೆ ನೋಡಿದಳು. ಇಪ್ಪತ್ತೊಂದು ಮಕ್ಕಳು ಬಾಟಲಿ ಹಿಡಿದು ಸಾಲಾಗಿ ನಿಂತಿದ್ದರು, ಚೆನ್ನಾಗಿ ಮಾಡಿದವರೆಲ್ಲ ಸೋಲಲಿಕ್ಕೆ ತಯಾರಾಗಿ. ಅವಳು ತನ್ನ ರಾಕೆಟ್ಟನ್ನು ಮೇಜಿನ ಕೆಳಗೆ ಇಟ್ಟಳು. ಅದು ಆ ದಿನ ಹಾರಲಿಲ್ಲ.

ಪೆಟ್ಟಿಗೆಯಿಂದ ಕೋನಮಾಪಕವನ್ನೂ ಹೊರತೆಗೆದಳು, ನಾನು ಒಂದು ವರ್ಷದ ಮೇಲೆ ಮೊದಲ ಸಲ ತೂಗಾಡಿ ನಿಂತೆ. ಅವಳು ಒಂದೊಂದನ್ನೂ ನೋಡಿ, ನನ್ನನ್ನು ಓದಿ, ಗಟ್ಟಿಯಾಗಿ ಹೇಳುತ್ತ ಕಳೆದು ಬರೆದಳು. ಎಂಟನೆಯ ತರಗತಿಯ ಮಕ್ತುಂಬಿ ಎಂಬ ಸಣ್ಣ ಹುಡುಗಿಯ ರಾಕೆಟ್ಟಿಗೆ ನಾನು ಇಪ್ಪತ್ತೆಂಟು ಎಂದೆ. "ತೊಂಬತ್ತರಾಗ ಇಪ್ಪತ್ತೆಂಟು ಕಳದ್ರ ಅರವತ್ತೆರಡು," ಎಂದಳು ಹುಲಿಗೆಮ್ಮ. ಐವತ್ತೇಳು ಮೀಟರಿಗಿಂತ ಹೆಚ್ಚು. ಗೆದ್ದವಳು ನಿಜವಾಗಿಯೂ ಗೆದ್ದಳು. ಮಕ್ತುಂಬಿಯ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಫಲಿತಾಂಶದ ಹಾಳೆಯ ಕೆಳಗೆ 'ಅಳತೆ ಮಾಡಿದವರು' ಎಂಬಲ್ಲಿ ಸುಧೀಂದ್ರರು ತಮ್ಮ ಸಹಿ ಹಾಕಿದರು.

ಈಗ ನನಗೆ ವಯಸ್ಸಾಗಿದೆ. ಯಮನೂರಪ್ಪ ಕೆಲಸ ಬಿಟ್ಟ ಮೇಲೆ ಶಾಲೆಯ ಪ್ರಯೋಗಾಲಯದ ಮೊಳೆಯೊಂದರಲ್ಲಿ ತೂಗುತ್ತಿದ್ದೇನೆ. ಹುಲಿಗೆಮ್ಮ ಕೊಪ್ಪಳದಲ್ಲಿ ಓದುತ್ತಿದ್ದಾಳೆ. ವರ್ಷಕ್ಕೊಮ್ಮೆ ಮಕ್ಕಳು ನನ್ನನ್ನು ಇಳಿಸಿ, ಒರೆಸಿ, ಮೈದಾನಕ್ಕೆ ಒಯ್ಯುತ್ತಾರೆ, ಕಳೆದೇ ಬರೆಯುತ್ತಾರೆ. ಕೈಪಿಡಿ ಮಾತ್ರ ಇನ್ನೂ ಹಾಗೇ ಅಚ್ಚಾಗುತ್ತಿದೆ. ಮಕ್ಕಳನ್ನು ಆಕಾಶಕ್ಕೆ ಕರೆದೊಯ್ಯುತ್ತೇವೆ ಎನ್ನುವವರು ಮೊದಲು ಮಕ್ಕಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿ. ಇದು ಮುದಿ ಗುಂಡಿನ ಗೊಣಗು ಎಂದರೆ ಅನ್ನಲಿ.

ಹೇಳದೆ ಉಳಿದದ್ದು ಮಕ್ತುಂಬಿ ಗೆದ್ದ ದಿನದ ಸಂಜೆಯ ಮಾತು. ಹುಲಿಗೆಮ್ಮ ಮನೆಗೆ ಬಂದು ನನ್ನನ್ನು ಅಜ್ಜನ ಕೈಗಿಟ್ಟಳು. ಅವನು ನನ್ನ ಮೈಗಂಟಿದ ಅಂಟನ್ನು ಉಗುರಿನಿಂದ ಕೆರೆಯುತ್ತ ಎಲ್ಲ ಕೇಳಿದ. ಶಿಬಿರದ ಮಾತು, ಸಹಿಯ ಮಾತು, ಎಲ್ಲ. ಆಮೇಲೆ ಸಮಾಧಾನ ಹೇಳಿದ.

"ಹೋಗ್ಲಿ ಬಿಡವ್ವ. ನಲವತ್ತು ವರ್ಷ ಗ್ವಾಡಿ ಕಟ್ಟೀನಿ. ಯಾವ ಗ್ವಾಡಿ ಮ್ಯಾಲೂ ಗೌಂಡಿ ಹೆಸರು ಇರಂಗಿಲ್ಲ."

ಹುಲಿಗೆಮ್ಮ ಕೈಕಾಲು ತೊಳೆಯಲು ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು.

"ಇರಬೇಕಿತ್ತಜ್ಜ," ಎಂದಳು. "ನಿಂದೂ ಇರಬೇಕಿತ್ತು."

ಯಮನೂರಪ್ಪ ಕೆರೆಯುವುದನ್ನು ನಿಲ್ಲಿಸಿದ. ಅವನ ಗದ್ದ ಅದುರುವುದನ್ನು ನಾನು ನೋಡಿದ್ದು ಅದೊಂದೇ ಸಲ.